ಹಲ್ಲೋ, ಕೀಲೋ, ನರವೋ, ಕಂಟವೋ? ಒಂದೇ ಕಡೆ ಮುಖ ನೋಯುವವರಿಗೆ ಒಂದು ಹೋಲಿಕೆ

ಮುದ್ದೆ ನುಂಗುವಾಗ ನೋವೋ, ರೊಟ್ಟಿ ಅಗಿಯುವಾಗ ನೋವೋ?

ಈ ಪ್ರಶ್ನೆಯನ್ನು ಯಾರಾದರೂ ಮೊದಲ ತಿಂಗಳೇ ಕೇಳಿದ್ದರೆ ನನ್ನ ಎಡಗಡೆಯ ಒಂದು ದವಡೆ ಹಲ್ಲು ಇವತ್ತಿಗೂ ಬಾಯಲ್ಲಿರುತ್ತಿತ್ತು. ನನಗೆ ನೋವಿದ್ದದ್ದು ನುಂಗುವಾಗ. ಕಿವಿಯ ಕೆಳಗೆ, ದವಡೆ ಮೂಲೆಯ ಹಿಂದೆ ಶುರುವಾಗಿ ಕೆನ್ನೆಗೆ ಹರಡುತ್ತಿತ್ತು. ಆಕಳಿಸಿದರೆ ಜಾಸ್ತಿ. ಬೈಕ್ ಮೇಲೆ ಕೂತು ಹಿಂದೆ ತಿರುಗಿ ನೋಡಿದರೆ ಇನ್ನೂ ಜಾಸ್ತಿ. ಹಲ್ಲಿನ ಡಾಕ್ಟರು ರೂಟ್ ಕೆನಾಲ್ ಮಾಡಿದರು, ಹೋಗಲಿಲ್ಲ. ಹಲ್ಲು ಕಿತ್ತರು, ಆಗಲೂ ಹೋಗಲಿಲ್ಲ. ಮನೆಯಲ್ಲಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟರು. ಕಿವಿ ಪಾಪ ಏನು ಮಾಡಿತ್ತು?

ಎರಡು ವರ್ಷದ ಮೇಲೆ ಒಬ್ಬ ಕಿವಿ-ಮೂಗು-ಗಂಟಲು ಡಾಕ್ಟರು ಗ್ಲೌಸ್ ಹಾಕಿಕೊಂಡು ಬಾಯೊಳಗೆ ಬೆರಳಿಟ್ಟರು. ಟಾನ್ಸಿಲ್ ಇರುವ ಜಾಗವನ್ನು ಒತ್ತಿದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ನೋವಾಯ್ತಾ ಅಂತ ಕೇಳ್ತಿಲ್ಲ, ನಿಮ್ಮ ನೋವು ಇದೇನಾ ಅಂತ ಕೇಳ್ತಿದೀನಿ" ಅಂದರು. ಇದೇ, ಇದೇ ಅಂದೆ. ಹೆಚ್ಚು ಕಡಿಮೆ ಅರ್ಧ ನಿಮಿಷದ ಕೆಲಸ. ತೊಂದರೆ ಹಲ್ಲಿನದಲ್ಲ, ಗಂಟಲ ಪಕ್ಕದ ಒಂದು ಮೂಳೆಯದು.

ಹೀಗೆ ಮುಖದ ನೋವು ಹೊತ್ತುಕೊಂಡು ಬಾಗಿಲಿಂದ ಬಾಗಿಲಿಗೆ ಅಲೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಯಾವ ನೋವು ಯಾವುದರದ್ದು ಇರಬಹುದು, ಯಾವ ಪರೀಕ್ಷೆ ಮೊದಲು, ಯಾವ ಚಿಕಿತ್ಸೆ ಯಾರಿಗೆ ಅಂತ ತೂಗಿ ನೋಡಲು ಇದು ಉಪಯೋಗಕ್ಕೆ ಬಂದರೆ ಸಾಕು.

ಯಾರೂ ನೋಡದ ಮೂಳೆ

ತಲೆಬುರುಡೆಯ ತಳದಲ್ಲಿ, ಕಿವಿಯ ಸ್ವಲ್ಪ ಕೆಳಗೆ, ಎರಡೂ ಕಡೆ ಒಂದೊಂದು ಸಣ್ಣ ಮುಳ್ಳಿನಂಥ ಮೂಳೆ ಕೆಳಕ್ಕೆ ಚಾಚಿಕೊಂಡಿದೆ. ಹೆಸರು ಸ್ಟೈಲಾಯ್ಡ್. ಬರೆಯುವ ಮೊನೆಯ ಹಾಗಿದೆ ಅಂತ ಆ ಹೆಸರು. ತಾಳೆಗರಿ ಮೇಲೆ ಬರೆಯಲು ನಮ್ಮವರು ಬಳಸುತ್ತಿದ್ದ ಕಬ್ಬಿಣದ ಕಂಟ ನೆನಪಿಸಿಕೊಳ್ಳಿ, ಸರಿಯಾಗಿ ಅದೇ ಆಕಾರ. ಕಂಠದ ಪಕ್ಕದಲ್ಲೊಂದು ಕಂಟ. ನಾನು ಮನೆಯಲ್ಲಿ ಹಾಗೇ ಕರೆಯುತ್ತೇನೆ.

ಈ ಕಂಟಕ್ಕೆ ಮೂರು ಸ್ನಾಯುಗಳು ಅಂಟಿಕೊಂಡಿವೆ. ನಾಲಿಗೆ, ಗಂಟಲು, ಗಂಟಲ ಮುಂದಿನ ಹೈಯಾಯ್ಡ್ ಮೂಳೆ ಇವುಗಳಿಗೆ ಒಂದೊಂದು. ಜೊತೆಗೆ ಎರಡು ಲಿಗಮೆಂಟುಗಳು, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಗಟ್ಟಿ ಪಟ್ಟಿಗಳು. ಅದಕ್ಕೇ ನುಂಗಿದಾಗ, ನಾಲಿಗೆ ಚಾಚಿದಾಗ, ಆಕಳಿಸಿದಾಗ ಅದರ ಸುತ್ತ ಎಲ್ಲವೂ ಎಳೆದಾಡುತ್ತದೆ. ಅಕ್ಕಪಕ್ಕದವರೂ ಸಾಮಾನ್ಯರಲ್ಲ. ಮಿದುಳಿಗೆ ಮತ್ತು ಮುಖಕ್ಕೆ ರಕ್ತ ಒಯ್ಯುವ ಎರಡು ಕ್ಯಾರೊಟಿಡ್ ರಕ್ತನಾಳಗಳ ನಡುವೆ ಅದರ ತುದಿ ಇರುತ್ತದೆ. ಮುಖ, ಗಂಟಲು, ನಾಲಿಗೆಯ ನರಗಳು ಪಕ್ಕದಲ್ಲೇ ಹಾದು ಹೋಗುತ್ತವೆ. ಗಂಟಲಿಗೆ ಹೋಗುವ ಒಂದು ನರದ ಕವಲು ಕಿವಿಯೊಳಗೂ ಹೋಗುತ್ತದೆ. ಗಂಟಲಲ್ಲಿ ಚುಚ್ಚಿದರೆ ಕಿವಿ ನೋಯುವುದು ಇದರಿಂದಲೇ.

ಈ ಕಂಟ ಉದ್ದವಾಗಿಯೋ, ಅದರ ಲಿಗಮೆಂಟ್ ಮೂಳೆಯಂತಾಗಿಯೋ ಅಕ್ಕಪಕ್ಕವನ್ನು ಕೆಣಕಿ ನೋವು ತರುವುದುಂಟು. ಇದನ್ನು ಸರಿಯಾಗಿ ಗುರುತಿಸಿ ಬರೆದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯ ವಾಟ್ ಈಗಲ್. 1937ರಲ್ಲಿ ಎರಡು ರೋಗಿಗಳ ಬಗ್ಗೆ ಬರೆದರು, ಮುಂದೆ ಇನ್ನೂರಕ್ಕೂ ಹೆಚ್ಚು ಜನರನ್ನು ನೋಡಿದರು. ಇಟಲಿಯ ಪಾದುವಾದಲ್ಲಿ ಮಾರ್ಕೆಟ್ಟಿ ಎಂಬ ವೈದ್ಯರು 1652ರಲ್ಲೇ ಮೂಳೆಯಂತಾದ ಲಿಗಮೆಂಟನ್ನು ಗಮನಿಸಿದ್ದರು. ಆದರೆ ಕಾಯಿಲೆಗೆ ಉಳಿದದ್ದು ಈಗಲ್ ಹೆಸರೇ: ಈಗಲ್ ಸಿಂಡ್ರೋಮ್. ನನಗೆ ಮೊದಲ ಸಲ ಕೇಳಿದಾಗ ಹದ್ದಿಗೂ ಗಂಟಲಿಗೂ ಏನು ಸಂಬಂಧ ಅನ್ನಿಸಿತ್ತು.

ಸಾಮಾನ್ಯ ಉದ್ದ 2.5ರಿಂದ 3 ಸೆಂಟಿಮೀಟರ್ ಅಂತ ಈಗಲ್ ಹೇಳಿದರು. ಅದಕ್ಕಿಂತ ಉದ್ದ ಇರುವವರು ನೂರಕ್ಕೆ ಸುಮಾರು 4 ಜನ ಅಂತ ಅವರ ಲೆಕ್ಕ. ಆಮೇಲೆ ಎಕ್ಸ್‌ರೇ ತೆಗೆದು ಎಣಿಸಿದವರಿಗೆ ಇದಕ್ಕಿಂತ ಎಷ್ಟೋ ಜಾಸ್ತಿ ಜನ ಸಿಕ್ಕಿದ್ದಾರೆ. ಅವರಲ್ಲಿ ಬಹುಪಾಲು ಜನಕ್ಕೆ ನೋವೇ ಇಲ್ಲ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದೆ ಎಲ್ಲ ಕಡೆ ಬೇಕಾಗುತ್ತದೆ. ಉದ್ದ ಇದ್ದ ಮಾತ್ರಕ್ಕೆ ಅದೇ ಕಳ್ಳ ಅಂತ ಅಲ್ಲ.

ಯಾವ ನೋವು ಯಾರದ್ದು

ಹಲ್ಲಿನಿಂದ ಶುರು ಮಾಡೋಣ. ಮುಖ ನೋವಿಗೆ ಅತಿ ಸಾಮಾನ್ಯ ಕಾರಣ ಹಲ್ಲೇ, ಆದ್ದರಿಂದ ಮೊದಲು ಅಲ್ಲಿಗೆ ಹೋಗುವುದರಲ್ಲಿ ತಪ್ಪಿಲ್ಲ. ಹಲ್ಲಿನ ನೋವಾದರೆ ತಣ್ಣೀರು, ಬಿಸಿ ಕಾಫಿ, ಸಿಹಿ ತಾಗಿದಾಗ ಕೆಣಕುತ್ತದೆ. ಆ ಹಲ್ಲನ್ನು ತಟ್ಟಿದರೆ ನೋಯುತ್ತದೆ. ರಾತ್ರಿ ಮಲಗಿದಾಗ ಟಪಟಪ ಬಡಿಯುತ್ತದೆ. ಎಕ್ಸ್‌ರೇಯಲ್ಲಿ ಹುಳುಕೋ ಬೇರಿನ ಕೀವೋ ಕಾಣುತ್ತದೆ. ಇವು ಯಾವುವೂ ಇಲ್ಲದೆ "ನೋಡೋಣ, ಕಿತ್ತರೆ ಹೋಗಬಹುದು" ಅನ್ನುವ ಮಾತು ಬಂದರೆ ಎದ್ದು ಬನ್ನಿ. ಕಿತ್ತ ಹಲ್ಲು ವಾಪಸ್ ಬರುವುದಿಲ್ಲ. ಇಲ್ಲಿ ನನ್ನ ಸಿಟ್ಟು ಸ್ವಲ್ಪ ಜಾಸ್ತಿಯೇ ಇರಬಹುದು, ಸಹಿಸಿಕೊಳ್ಳಿ.

ದವಡೆ ಕೀಲಿನ ನೋವು ಬೇರೆ ಥರ. ಜೋಳದ ರೊಟ್ಟಿ, ಚಕ್ಕುಲಿ, ಕಬ್ಬು ಇಂಥವನ್ನು ಅಗಿಯುವಾಗ ಬರುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಟಕ್ ಅನ್ನಬಹುದು. ಬೆಳಿಗ್ಗೆ ಎದ್ದಾಗ ದವಡೆ ಬಿಗಿದಿರುತ್ತದೆ, ರಾತ್ರಿ ಹಲ್ಲು ಕಡಿಯುವವರಿಗಂತೂ ಇದು ಹೆಚ್ಚು. ಬಾಯಿ ಪೂರ್ತಿ ತೆರೆಯಲು ಆಗದಿರಬಹುದು. ಕಂಟದ ನೋವಿನ ಜೊತೆ ಅತಿ ಹೆಚ್ಚು ಕಲಸಿಹೋಗುವುದು ಇದೇ, ಏಕೆಂದರೆ ಎರಡೂ ಕಿವಿಯ ಸುತ್ತಲೇ. ಬೇರೆ ಮಾಡಲು ಸುಲಭದ ದಾರಿ ನಮ್ಮ ಊಟದಲ್ಲೇ ಇದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ರೊಟ್ಟಿಯನ್ನು ಅಗಿಯದೆ ನುಂಗಲು ಆಗುವುದಿಲ್ಲ. ಮುದ್ದೆ ಊಟ ನೋಯಿಸಿ ರೊಟ್ಟಿ ನೋಯಿಸದಿದ್ದರೆ ಕೀಲಿನ ಮೇಲೆ ಅನುಮಾನ ಕಡಿಮೆ. ಇದು ಯಾವ ಪುಸ್ತಕದ ಪರೀಕ್ಷೆಯೂ ಅಲ್ಲ, ಡಾಕ್ಟರಿಗೆ ಹೇಳಲು ಒಂದು ಒಳ್ಳೆಯ ಸುಳಿವು ಅಷ್ಟೆ.

ನರದ ನೋವು, ಅಂದರೆ ಮುಖದ ಸ್ಪರ್ಶ ತಿಳಿಸುವ ನರ ಕೆರಳಿ ಬರುವ ಟ್ರೈಜೆಮಿನಲ್ ನ್ಯೂರಾಲ್ಜಿಯ ಬಂದವರು ಅದನ್ನು ಮರೆಯುವುದೇ ಇಲ್ಲ. ಕರೆಂಟ್ ಹೊಡೆದ ಹಾಗೆ. ಕೆಲವು ಸೆಕೆಂಡು, ಹೆಚ್ಚೆಂದರೆ ಎರಡು ನಿಮಿಷ. ಮುಖ ತೊಳೆದರೆ, ಹಲ್ಲುಜ್ಜಿದರೆ, ಗಾಳಿ ಬೀಸಿದರೂ ಸಾಕು. ನಡುವೆ ಪೂರ್ತಿ ಬಿಡುವು. 50 ದಾಟಿದವರಲ್ಲಿ ಜಾಸ್ತಿ. ಕಂಟದ ನೋವು ಹಾಗಲ್ಲ. ಅದು ಮಂದವಾಗಿ, ಗಂಟೆಗಟ್ಟಲೆ ಅಲ್ಲೇ ಕೂತಿರುತ್ತದೆ, ನುಂಗಿದಾಗ ತಿರುಗಿದಾಗ ಚುಚ್ಚಿ ನೆನಪಿಸುತ್ತದೆ.

ಇನ್ನೊಂದು ನರ ಇದೆ, ಗ್ಲಾಸೊಫ್ಯಾರಿಂಜಿಯಲ್. ಗಂಟಲಿಗೂ ಕಿವಿಗೂ ಹೋಗುವ ನರ ಅಂದೆನಲ್ಲ, ಅದೇ. ಇದರ ನೋವೂ ನುಂಗುವಾಗಲೇ ಬರುತ್ತದೆ, ಗಂಟಲಿಂದ ಕಿವಿಗೇ ಹೊಡೆಯುತ್ತದೆ. ಆದರೆ ಶಾಕ್ ಥರ, ಕ್ಷಣಕಾಲ. ಕೆಲವರಿಗೆ ನೋವು ಬಂದಾಗ ಎದೆಬಡಿತ ನಿಧಾನವಾಗಿ ಎಚ್ಚರ ತಪ್ಪುತ್ತದೆ. ಇಲ್ಲಿ ಗೊಂದಲ ಸಹಜ, ಯಾಕೆಂದರೆ ಉದ್ದವಾದ ಕಂಟ ಕೆಣಕುವುದು ಕೆಲವು ಸಲ ಇದೇ ನರವನ್ನೇ.

ಕಂಟದ ನೋವಲ್ಲೂ ಎರಡು ಬಗೆ. ಒಂದು ಗಂಟಲಿನದು: ನುಂಗಲು ಕಷ್ಟ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ, ಕಿವಿ ನೋವು. ಟಾನ್ಸಿಲ್ ತೆಗೆಸಿದ ಮೇಲೆ ಅಲ್ಲಿ ಗಾಯ ಮಾಗಿ ಬಿಗಿದಾಗ ಇದು ಶುರುವಾಗುತ್ತದೆ ಅಂತ ಈಗಲ್ ಕಂಡುಕೊಂಡರು. ಟಾನ್ಸಿಲ್ ತೆಗೆಸದವರಿಗೂ ಬರುತ್ತದೆ, ನನ್ನದು ಹಾಗೇ. ಇನ್ನೊಂದು ರಕ್ತನಾಳದ್ದು: ಮೂಳೆಯ ತುದಿ ಕ್ಯಾರೊಟಿಡ್‌ಗೆ ಒತ್ತುತ್ತದೆ. ನೋವು ಆ ನಾಳದ ದಾರಿಯಲ್ಲೇ ಕಣ್ಣಿನ ಕಡೆಗೆ, ಹಣೆಯ ಪಕ್ಕಕ್ಕೆ ಏರುತ್ತದೆ. ಕತ್ತು ತಿರುಗಿಸಿದಾಗ ತಲೆ ಸುತ್ತಬಹುದು. ಇದರಲ್ಲಿ ಮೂಳೆ ಉದ್ದವೇ ಇರಬೇಕೆಂದಿಲ್ಲ, ಒಳಕ್ಕೆ ವಾಲಿದ್ದರೂ ಸಾಕು.

ಬೆರಳು, ಇಂಜೆಕ್ಷನ್, ಓಪಿಜಿ, ಸಿಟಿ

ಪರೀಕ್ಷೆಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಬೆರಳಿಗೆ. ಬಿಟ್ಟಿ, ಬೇಗ, ಮತ್ತು ಅದೊಂದೇ ನಿಮ್ಮ ನೋವಿನ ಜೊತೆ ನೇರವಾಗಿ ಮಾತಾಡುವುದು. ಸಾಮಾನ್ಯ ಉದ್ದದ ಕಂಟ ಟಾನ್ಸಿಲ್ ಜಾಗದಲ್ಲಿ ಬೆರಳಿಗೆ ಸಿಗುವುದಿಲ್ಲ. ಗಟ್ಟಿಯಾದ ಮೊನೆ ಸಿಕ್ಕಿ, ಒತ್ತಿದಾಗ ನಿಮ್ಮದೇ ಹಳೆಯ ನೋವು ಎದ್ದರೆ ಅನುಮಾನ ಬಲವಾಯಿತು. ಸುಮ್ನೆ ನೋವಾದರೆ ಲೆಕ್ಕವಿಲ್ಲ, ಗಂಟಲಲ್ಲಿ ಬೆರಳಿಟ್ಟು ಒತ್ತಿದರೆ ಯಾರಿಗೆ ಹಿತವಾಗಿರುತ್ತದೆ? ಎರಡೂ ಕಡೆ ಒತ್ತಿಸಿಕೊಂಡು ಹೋಲಿಸಿ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ನೀವೇ ಮಾಡಲು ಹೋಗಬೇಡಿ, ವಾಂತಿ ಬರುತ್ತದೆ ಅಷ್ಟೆ. ರಕ್ತನಾಳದ ಬಗೆಯವರಲ್ಲಿ ಬೆರಳಿಗೆ ಏನೂ ಸಿಗದೇ ಇರಬಹುದು ಅನ್ನುವುದು ಇದರ ಮಿತಿ.

ಎರಡನೆಯದು ಮರಗಟ್ಟಿಸುವ ಇಂಜೆಕ್ಷನ್. ಟಾನ್ಸಿಲ್ ಜಾಗಕ್ಕೆ ಲಿಗ್ನೊಕೇನ್ ಕೊಟ್ಟು ಕಾಯುತ್ತಾರೆ. ನೋವು ಆಗಲೇ ಇಳಿದು, ಔಷಧದ ಪ್ರಭಾವ ಹೋದ ಮೇಲೆ ವಾಪಸ್ ಬಂದರೆ ಜಾಗ ಸರಿ ಅಂತ ಅರ್ಥ. ಗಂಟಲಿನ ಬೇರೆ ನರದ ನೋವೂ ಇದರಿಂದ ಇಳಿಯಬಹುದು, ಹಾಗಾಗಿ ಇದೊಂದನ್ನೇ ನಂಬಿ ಆಪರೇಷನ್‌ಗೆ ಹೋಗುವುದಿಲ್ಲ.

ಓಪಿಜಿ ಅಂದರೆ ಹಲ್ಲಿನ ಕ್ಲಿನಿಕ್ಕುಗಳಲ್ಲಿ ಗಲ್ಲ ಇಟ್ಟು ನಿಲ್ಲಿಸಿ, ಮಿಷನ್ ತಲೆ ಸುತ್ತ ತಿರುಗಿ ತೆಗೆಯುವ ದೊಡ್ಡ ಎಕ್ಸ್‌ರೇ. ಕೆಲವು ನೂರು ರೂಪಾಯಿಯ ಕೆಲಸ. ಇದರಲ್ಲಿ ಕಂಟ ಎರಡೂ ಅಂಚಿನಲ್ಲಿ ಚೆನ್ನಾಗಿ ಕಾಣುತ್ತದೆ. ತಮಾಷೆ ಏನೆಂದರೆ ನನ್ನ ಮೊದಲ ಓಪಿಜಿಯಲ್ಲೇ ಅದು ಕಾಣುತ್ತಿತ್ತು. ಎಲ್ಲರೂ ಹಲ್ಲು ನೋಡುತ್ತಿದ್ದರು, ಅಂಚು ನೋಡಲಿಲ್ಲ. ನಿಮ್ಮ ಹಳೆಯ ಓಪಿಜಿ ಮನೆಯಲ್ಲಿದ್ದರೆ ಹುಡುಕಿ ತೆಗೆದಿಡಿ. ಆದರೆ ಇದರಲ್ಲಿ ಅಳತೆ ನಿಖರವಲ್ಲ. ಚಿತ್ರ ಹಿಗ್ಗಿರುತ್ತದೆ, ಮೂಳೆ ಒಳಕ್ಕೆ ವಾಲಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಅದಕ್ಕೆ ಸಿಟಿ ಬೇಕು. ಉದ್ದ, ದಪ್ಪ, ವಾಲಿಕೆ, ಲಿಗಮೆಂಟ್ ಎಲ್ಲಿಯವರೆಗೆ ಮೂಳೆಯಾಗಿದೆ, ರಕ್ತನಾಳಕ್ಕೆ ಎಷ್ಟು ಹತ್ತಿರ, ಎಲ್ಲವೂ ತ್ರೀಡಿ ಚಿತ್ರದಲ್ಲಿ ಸಿಗುತ್ತದೆ. ಹಲ್ಲಿನವರು ಬಳಸುವ ಒಂದು ಬಗೆಯ ತ್ರೀಡಿ ಸಿಟಿ ಇದೆ, ಸಿಬಿಸಿಟಿ ಅಂತ. ಅದರಲ್ಲಿ ವಿಕಿರಣ ಕಡಿಮೆ, ಮೂಳೆಯೂ ಸ್ಪಷ್ಟ, ಆದರೆ ರಕ್ತನಾಳ ಕಾಣುವುದಿಲ್ಲ. ಕತ್ತು ತಿರುಗಿಸಿದಾಗ ತಲೆ ಸುತ್ತುವವರಿಗೆ ಡೈ ಹಾಕಿ ತೆಗೆಯುವ ಸಿಟಿ ಆಂಜಿಯೋ ಬೇಕಾಗುತ್ತದೆ, ಕೆಲವೊಮ್ಮೆ ತಲೆ ತಿರುಗಿಸಿಯೇ ತೆಗೆಯುತ್ತಾರೆ. ಡೈ ಹಾಕುವ ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ನೋಡಿಸಬೇಕು. ಎಂಆರ್‌ಐಗೆ ಇಲ್ಲಿ ಓಡುವವರು ಬಹಳ. ನರ, ಗಡ್ಡೆ ನೋಡಲು ಅದು ಸರಿ, ಈ ತೆಳ್ಳಗಿನ ಮೂಳೆಗಲ್ಲ.

ನನ್ನ ಆಯ್ಕೆಯ ಸಾಲು: ಬೆರಳು, ಓಪಿಜಿ, ಇಂಜೆಕ್ಷನ್, ಆಪರೇಷನ್ ಮಾತು ಬಂದಾಗ ಮಾತ್ರ ಸಿಟಿ. ತಲೆ ಸುತ್ತು, ಕಣ್ಣು ಮಂಜು ಇದ್ದವರಿಗೆ ಈ ಸಾಲು ಅನ್ವಯಿಸುವುದಿಲ್ಲ, ಅವರಿಗೆ ಸಿಟಿಯೇ ಮೊದಲು.

ಮಾತ್ರೆ ಸಾಕಾ, ಚಾಕು ಬೇಕಾ

ಮೂಳೆ ಕಾರಣ ಅಂದ ತಕ್ಷಣ ಕತ್ತರಿಸಲೇಬೇಕು ಅಂತಿಲ್ಲ. ಮೂಳೆ ಹುಟ್ಟಿನಿಂದಲೋ ಹತ್ತಾರು ವರ್ಷದಿಂದಲೋ ಅಲ್ಲೇ ಇತ್ತು, ನೋವು ಬಂದದ್ದು ನಿನ್ನೆ ಮೊನ್ನೆ. ಸುತ್ತಲಿನ ಊತ ಇಳಿದರೆ ಎಷ್ಟೋ ಜನ ನೆಮ್ಮದಿಯಾಗಿ ಇರುತ್ತಾರೆ.

ಮಾತ್ರೆಗಳಲ್ಲಿ ಎರಡು ಗುಂಪು. ಊತ ಇಳಿಸುವ ನೋವಿನ ಮಾತ್ರೆ ಕೆಲವು ದಿನಕ್ಕೆ ಸರಿ, ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಕಷ್ಟ. ಬಿಪಿ, ಶುಗರ್ ಇದ್ದವರು ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳುವ ಅಭ್ಯಾಸ ಬಿಡಬೇಕು. ಇನ್ನೊಂದು ಗುಂಪು ನರವನ್ನು ಸಮಾಧಾನ ಮಾಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಕಾರ್ಬಮಜೆಪಿನ್. ಇವು ತೂಕಡಿಕೆ ತರುತ್ತವೆ, ನಿಧಾನವಾಗಿ ಏರಿಸಿ ನಿಧಾನವಾಗಿ ಇಳಿಸಬೇಕು. ಕಾರ್ಬಮಜೆಪಿನ್ ಶುರು ಮಾಡಿದ ಮೇಲೆ ಮೈಮೇಲೆ ದದ್ದು ಎದ್ದರೆ ಅದೇ ದಿನ ಡಾಕ್ಟರನ್ನು ಕಾಣಿ, ಅಪರೂಪಕ್ಕೆ ಅದು ಪ್ರಾಣಕ್ಕೆ ಬರುವ ಅಲರ್ಜಿಯಾಗುತ್ತದೆ.

ಸ್ಟೀರಾಯ್ಡ್ ಮತ್ತು ಮರಗಟ್ಟಿಸುವ ಔಷಧ ಸೇರಿಸಿದ ಇಂಜೆಕ್ಷನ್ ನಡುವಿನ ದಾರಿ. ಕೆಲವರಿಗೆ ವಾರ, ಕೆಲವರಿಗೆ ತಿಂಗಳುಗಳು ನೆಮ್ಮದಿ. ಶುಗರ್ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಮೂಳೆ ಮೊಟಕಾಗುವುದಿಲ್ಲ, ಆದರೆ ಮೂಳೆ ಮೊಟಕಾಗುವುದು ನಿಮಗೆ ಬೇಕಾಗಿರುವುದೂ ಅಲ್ಲ, ಅಲ್ವಾ?

ಆಪರೇಷನ್ ಎರಡು ದಾರಿಯಲ್ಲಿ. ಆಯ್ಕೆ ನಿಜವಾಗಿ ಕಷ್ಟವಾಗುವುದು ಇಲ್ಲೇ.

ಬಾಯೊಳಗಿನಿಂದ ಮಾಡಿದರೆ ಹೊರಗೆ ಗುರುತಿರುವುದಿಲ್ಲ. ಟಾನ್ಸಿಲ್ ತೆಗೆದು, ಅಥವಾ ಅದನ್ನು ಪಕ್ಕಕ್ಕೆ ಸರಿಸಿ, ಮೂಳೆಯ ತುದಿಯನ್ನು ಬಿಡಿಸಿ ಮೊಟಕು ಮಾಡುತ್ತಾರೆ. ಸಮಯ ಕಡಿಮೆ. ಗಂಟಲು ಹತ್ತು ಹದಿನೈದು ದಿನ ನೋಯುತ್ತದೆ, ಟಾನ್ಸಿಲ್ ತೆಗೆಸಿದವರಿಗೆ ಆಗುವ ಹಾಗೆ. ಕೊರತೆ ಏನೆಂದರೆ ಡಾಕ್ಟರಿಗೆ ಕಾಣುವ ಜಾಗ ಇಕ್ಕಟ್ಟು. ರಕ್ತ ಒಸರಿದರೆ ನಿಭಾಯಿಸುವುದು ಕಷ್ಟ, ಬಾಯಿಯ ಸೋಂಕು ಕತ್ತಿನ ಒಳಪದರಕ್ಕೆ ಇಳಿಯುವ ಭಯವೂ ಇದೆ. ಎಂಡೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ತೆಳ್ಳಗಿನ ಕೊಳವೆ ಬಳಸುವವರಿಗೆ ಕಾಣುವುದರ ತೊಂದರೆ ಕಡಿಮೆ.

ಹೊರಗಿನಿಂದ ಅಂದರೆ ದವಡೆಯ ಕೆಳಗೆ, ಕತ್ತಿನ ಮಡಿಕೆಯಲ್ಲಿ ಕುಯ್ದು ಹೋಗುವುದು. ನರ, ನಾಳ ಎಲ್ಲವನ್ನೂ ಕಣ್ಣಾರೆ ನೋಡಿ ಸರಿಸಿ, ಮೂಳೆಯನ್ನು ಬುಡದ ತನಕ ತೆಗೆಯಬಹುದು. ಕತ್ತಿನಲ್ಲಿ ಗೆರೆ ಉಳಿಯುತ್ತದೆ, ಮಡಿಕೆಯಲ್ಲಿ ಬಹುಪಾಲು ಅಡಗುತ್ತದೆ. ತುಟಿಯ ಮೂಲೆಯನ್ನು ಕೆಳಗೆ ಎಳೆಯುವ ಸಣ್ಣ ನರ ಆ ದಾರಿಯಲ್ಲೇ ಇರುವುದರಿಂದ ಕೆಲವರಿಗೆ ನಗು ಕೆಲಕಾಲ ಸೊಟ್ಟಗಾಗುತ್ತದೆ. ಕುಯ್ದ ಜಾಗದ ಸುತ್ತ ಮರಗಟ್ಟಿದ ಹಾಗೆ ತಿಂಗಳುಗಟ್ಟಲೆ ಇರಬಹುದು. ಇನ್ನೊಂದು ವಿಚಿತ್ರ ಇದೆ: ಊಟದ ಮೊದಲ ತುತ್ತಿಗೆ ಮಾತ್ರ ದವಡೆ ಹತ್ತಿರ ಹಿಂಡಿದ ಹಾಗೆ ನೋವು, ಎರಡನೆಯ ಮೂರನೆಯ ತುತ್ತಿಗೆ ಇಳಿಯುವುದು.

ಬೆರಳಿಗೆ ತುದಿ ಸಿಗುವ, ಗಂಟಲಿನ ಬಗೆಯ ನೋವಿಗೆ ಬಾಯೊಳಗಿನ ದಾರಿ ಸಾಕಾಗಬಹುದು. ಮೂಳೆ ದಪ್ಪ ಇದ್ದರೆ, ಹೈಯಾಯ್ಡ್ ತನಕ ಮೂಳೆಯಾಗಿದ್ದರೆ, ರಕ್ತನಾಳಕ್ಕೆ ತಾಗಿದ್ದರೆ ಹೊರಗಿನ ದಾರಿಯೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಗೆರೆಯ ಚಿಂತೆಗಾಗಿ ಇಕ್ಕಟ್ಟಿನ ದಾರಿ ಹಿಡಿಯುವುದು ನನಗೆ ಒಪ್ಪಿಗೆಯಾಗದ ಲೆಕ್ಕ. ಎಲ್ಲಕ್ಕಿಂತ ದೊಡ್ಡದು, ನಿಮ್ಮ ಡಾಕ್ಟರಿಗೆ ಯಾವ ದಾರಿ ಕೈಯಲ್ಲಿ ಕುಳಿತಿದೆ ಅನ್ನುವುದು. "ಈ ಮೂಳೆಯನ್ನು ಎಷ್ಟು ಜನಕ್ಕೆ ತೆಗೆದಿದ್ದೀರಿ, ಯಾವ ದಾರಿಯಲ್ಲಿ?" ಅಂತ ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಅದೂ ಒಂದು ಉತ್ತರವೇ. ಬೆರಳಿನಿಂದ ಒತ್ತಿ ಮೂಳೆಯನ್ನು ಮುರಿದುಬಿಡುವ ಪದ್ಧತಿ ಹಿಂದೆ ಇತ್ತು. ಮುರಿದ ಚೂರು ಒಳಗೇ ಉಳಿಯುತ್ತದೆ, ಪಕ್ಕದಲ್ಲಿ ರಕ್ತನಾಳ ಇದೆ. ಅದಕ್ಕೆ ಒಪ್ಪಬೇಡಿ.

ಆಪರೇಷನ್ ಆದ ಬಹುಪಾಲು ಜನಕ್ಕೆ ನೋವು ಇಳಿಯುತ್ತದೆ, ಎಲ್ಲರಿಗೂ ಅಲ್ಲ. ಇಳಿಯದಿರಲು ಮುಖ್ಯ ಕಾರಣಗಳಲ್ಲಿ ಒಂದು, ನೋವು ಆ ಮೂಳೆಯದ್ದೇ ಆಗಿರದಿರುವುದು. ನನ್ನ ಹಲ್ಲಿಗೆ ಆದ ಗತಿಯೇ.

ಕಾಯಬಾರದ ನೋವು

ಒಂದೇ ಕಡೆ ಕಿವಿ ನೋವು, ಕಿವಿಯಲ್ಲಿ ಏನೂ ಇಲ್ಲ, ವಯಸ್ಸು ನಲವತ್ತು ದಾಟಿದೆ, ಎಲೆ ಅಡಿಕೆಗೆ ಹೊಗೆಸೊಪ್ಪು, ಗುಟ್ಕಾ, ಬೀಡಿ ಯಾವುದಾದರೂ ಅಭ್ಯಾಸ ಇದೆ ಅಂದರೆ ಕಂಟದ ಬಗ್ಗೆ ಓದುತ್ತಾ ಕೂರಬೇಡಿ. ನಾಲಿಗೆ ಬುಡದ, ಟಾನ್ಸಿಲ್‌ನ ಕ್ಯಾನ್ಸರ್ ಕೂಡ ಕಿವಿಯಲ್ಲೇ ನೋಯುತ್ತದೆ. ಮಾಗದ ಹುಣ್ಣು, ಕತ್ತಿನಲ್ಲಿ ಗಂಟು, ಮೂರು ವಾರಕ್ಕೂ ಬಿಡದ ಗೊಗ್ಗರು ದನಿ, ಉಗುಳಿನಲ್ಲಿ ರಕ್ತ, ಇಳಿಯುತ್ತಿರುವ ತೂಕ ಇವುಗಳಲ್ಲಿ ಒಂದಿದ್ದರೂ ಈ ವಾರವೇ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕೆನ್ನೆ ಮರಗಟ್ಟುತ್ತಿದ್ದರೂ ಹಾಗೇ. ಕತ್ತು ತಿರುಗಿಸಿದಾಗ ಕೈಕಾಲು ಸೋತರೆ, ಮಾತು ತೊದಲಿದರೆ, ಒಂದು ಕಣ್ಣಿನ ರೆಪ್ಪೆ ಜೋತುಬಿದ್ದರೆ ಅಪಾಯಿಂಟ್‌ಮೆಂಟ್ ಕಾಯದೆ 108ಕ್ಕೆ ಫೋನ್ ಮಾಡಿ.

ಯಾರ ಹತ್ತಿರ ಹೋಗುವುದು ಅನ್ನುವುದಕ್ಕೆ ನನ್ನ ಉತ್ತರ ಸರಳ. ತಣ್ಣೀರಿಗೆ ಕೆಣಕಿದರೆ ಹಲ್ಲಿನವರು, ಅಗಿದರೆ ನೋವು ಅಂದರೆ ದವಡೆ ಸರ್ಜನ್, ಶಾಕ್ ಹೊಡೆದರೆ ನರತಜ್ಞರು, ನುಂಗಿದರೆ ಇಎನ್‌ಟಿ. ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಕಡೆ, ಒಂದೇ ಬೆರಳಲ್ಲಿ ತೋರಿಸಬಹುದಾದ ಜಾಗ, ಏನು ಮಾಡಿದರೆ ಏಳುತ್ತದೆ, ಎಷ್ಟು ಹೊತ್ತು ಇರುತ್ತದೆ, ಟಾನ್ಸಿಲ್ ತೆಗೆಸಿದ್ದರೆ ಯಾವ ವರ್ಷ. "ತುಂಬಾ ನೋವು ಸಾರ್" ಅನ್ನುವುದಕ್ಕಿಂತ "ಎಡಗಡೆ, ನುಂಗಿದಾಗ" ಅನ್ನುವುದು ಹತ್ತು ಪಟ್ಟು ಕೆಲಸ ಮಾಡುತ್ತದೆ.

ನಾನು ಆಪರೇಷನ್ ಮಾಡಿಸಿಲ್ಲ. ಎರಡು ಇಂಜೆಕ್ಷನ್, ನಾಲ್ಕು ತಿಂಗಳು ಮಾತ್ರೆ. ಈಗ ಮುದ್ದೆ ಇಳಿಯುತ್ತದೆ. ಚಳಿಗಾಲದಲ್ಲಿ ಆಕಳಿಸಿದಾಗ ಒಂದು ಚಳಕು ಬರುತ್ತದೆ, ಬಂದು ಹೋಗುತ್ತದೆ. ಸಿಟಿ ರಿಪೋರ್ಟ್ ಬೀರುವಿನಲ್ಲಿದೆ. ಎಡಗಡೆಯದು 3.6 ಸೆಂಟಿಮೀಟರ್, ಬಲಗಡೆಯದು 4.2. ಉದ್ದದ್ದು ಇವತ್ತಿನವರೆಗೆ ಒಂದು ದಿನವೂ ನೋಯಿಸಿಲ್ಲ.